ಸೋಮವಾರ ಹಾಜರಾಗಬೇಕಾದ ಮಗು

"ಇನ್ನೊಂದ್ಸಲ ಹಾಕಿ ಮೇಡಂ," ಎಂದೆ.

ಮಕ್ಕಳ ಕಲ್ಯಾಣಾಧಿಕಾರಿ ಕನ್ನಡಕದ ಮೇಲಿನಿಂದ ನನ್ನನ್ನು ದುರುಗುಟ್ಟಿ ನೋಡಿದರು. ಆಗಲೇ ನಾಲ್ಕು ಸಲ ಹಾಕಿ ತೋರಿಸಿದ್ದರು.

"ಅಮೀನರೇ, ನನಗೇನು ಬೇರೆ ಕೆಲಸ ಇಲ್ವಾ? ವಾರಕ್ಕೆ ಹನ್ನೊಂದು ಸಂಸಾರದ ವಿಡಿಯೋ ಕಾಲ್ ಕಾಯ್ಬೇಕು ನಾನು. ಹನ್ನೊಂದೂ ಒಂದಕ್ಕಿಂತ ಒಂದು ಚೆಂದ!"

"ನನಗಂತೂ ಬೇರೆ ಕೆಲಸ ಇಲ್ಲ. ಹಾಕಿ."

ಹಾಕಿದರು. ಪರದೆಯ ಎಡಕ್ಕೆ ಅಪ್ಪ, ಬಲಕ್ಕೆ ಮಗಳು. ಆರು ವರ್ಷದ ಹುಡುಗಿ ಮೇಜಿನ ಮೇಲೆ ಬಗ್ಗಿ ಒಂದು ಮೀನಿಗೆ ಹಸಿರು ಬಣ್ಣ ತುಂಬುತ್ತಿದ್ದಾಳೆ. ಅಪ್ಪ ಒಂದೇ ಸಮನೆ ಮಾತಾಡುತ್ತಿದ್ದಾನೆ. ಹುಡುಗಿ ತುಟಿ ಎರಡು ಮಾಡುವುದಿಲ್ಲ. ನಡುನಡುವೆ ಬಣ್ಣದ ಪೆನ್ಸಿಲಿನ ಹಿಂಬದಿಯನ್ನು ಮುಂದಿನ ಹಲ್ಲಿನಿಂದ ಕಚ್ಚುತ್ತಾಳೆ.

ಮೂವತ್ತೊಂದು ವರ್ಷ ನಾನು ಕೋರ್ಟಿನ ಅಮೀನನಾಗಿದ್ದೆ. ಅಂದರೆ ನೋಟಿಸು, ಸಮನ್ಸು ಹಿಡಿದು ಮನೆಮನೆಗೆ ಹೋಗುವವನು. ಬಾಗಿಲು ತೆಗೆದರೆ ಕೈಗೆ ಕೊಡುವುದು, ತೆಗೆಯದಿದ್ದರೆ ಬಾಗಿಲಿಗೇ ಅಂಟಿಸಿ ಬರುವುದು. ನಿವೃತ್ತನಾದ ಮೇಲೆ ವಕೀಲರು ಇದೇ ಕಾಲುಗಳನ್ನು ಪತ್ತೇದಾರಿಕೆಗೆ ಹಚ್ಚಿದ್ದಾರೆ. ದೊಡ್ಡ ವ್ಯತ್ಯಾಸವೇನೂ ಇಲ್ಲ. ಆಗಲೂ ನನ್ನನ್ನು ಕಂಡು ಯಾರೂ ನಗುತ್ತಿರಲಿಲ್ಲ, ಈಗಲೂ ಇಲ್ಲ.

ಈ ಸಲ ನನ್ನನ್ನು ಹಿಡಿದವರು ಹುಡುಗಿಯ ತಾಯಿಯ ವಕೀಲರು. ಮಗು ಇಲ್ಲಿ ಚೆನ್ನಾಗಿದೆ ಎನ್ನುವುದಕ್ಕೆ ಶಾಲೆ, ಡಾಕ್ಟರು, ಅಕ್ಕಪಕ್ಕದವರ ಹೇಳಿಕೆ ತಂದುಕೊಡಿ ಎಂದಿದ್ದರು. ನಿನ್ನೆ ಗುರುವಾರ ಶಾಲೆಗೆ ಹೋದರೆ ಮಗು ಮಂಗಳವಾರದಿಂದ ಬಂದೇ ಇಲ್ಲ. ಅದೇ ಬೆಳಿಗ್ಗೆ ತಾಯಿ ನನ್ನೆದುರು "ಈಗ ತಾನೇ ಶಾಲೆಗೆ ಬಿಟ್ಟು ಬಂದೆ ಅಮೀನಣ್ಣ" ಎಂದಿದ್ದಳು.

ಮನೆಯಲ್ಲಿ ಹುಡುಗಿಗೆ ಚಿನಕುರಳಿ ಎಂದು ಅಡ್ಡಹೆಸರು. ಹುಟ್ಟಿದ್ದು ಪರದೇಶದಲ್ಲಿ. ಅಪ್ಪ ಅಮ್ಮ ಅಲ್ಲೇ ಬೇರೆಯಾದರು. ಒಂದು ವಾರ ಅಮ್ಮನ ಮನೆ, ಒಂದು ವಾರ ಅಪ್ಪನ ಮನೆ ಎಂದು ಮಗು ಒಂದು ವರ್ಷ ಬಟ್ಟೆಯ ಚೀಲ ಹೊತ್ತು ತಿರುಗಿತು. ಹತ್ತು ತಿಂಗಳ ಹಿಂದೆ ಅಮ್ಮ ರಜೆಗೆಂದು ಇಲ್ಲಿಗೆ ಕರೆತಂದವಳು ತಿರುಗಿ ಹೋಗಲಿಲ್ಲ. ಮೂವತ್ತು ದಿನದೊಳಗೆ ಮಗುವನ್ನು ವಾಪಸು ತರತಕ್ಕದ್ದು ಎಂದು ಅಲ್ಲಿನ ಕೋರ್ಟು ಆದೇಶ ಬರೆಯಿತು. ಅದನ್ನು ಹಿಡಿದು ಅಪ್ಪ ಬೆನ್ನಟ್ಟಿ ಬಂದ, ಇಲ್ಲೇ ಬಾಡಿಗೆ ಮನೆ ಹಿಡಿದ, ಕೇಸು ಹಾಕಿದ.

ಇಲ್ಲಿನ ನ್ಯಾಯಾಧೀಶರು ಅವಸರದ ಮನುಷ್ಯರಲ್ಲ. "ಅಲ್ಲಿನ ಆದೇಶಕ್ಕೆ ಗೌರವ ಇದೆ. ಆದ್ರೆ ಮಗು ಏನು ಪಾರ್ಸೆಲ್ಲಾ? ಅದರ ಹಿತ ಏನು ಅಂತ ನಾನೇ ನೋಡ್ತೀನಿ," ಎಂದರು. ಸೋಮವಾರ ಹನ್ನೊಂದು ಗಂಟೆಗೆ ಮಗುವನ್ನು ತಮ್ಮ ಕೋಣೆಗೆ ಹಾಜರುಪಡಿಸಬೇಕು. ಅಲ್ಲಿಯವರೆಗೆ ಮಗು ತಾಯಿಯ ಹತ್ತಿರ, ಮಗುವಿನ ಪಾಸ್‌ಪೋರ್ಟು ಕೋರ್ಟಿನ ಬೀರುವಿನಲ್ಲಿ. ಅಪ್ಪನಿಗೆ ಬುಧವಾರ ಮತ್ತು ಶನಿವಾರ ಸಂಜೆ ಐದಕ್ಕೆ ಅರ್ಧ ಗಂಟೆ ವಿಡಿಯೋ ಕಾಲ್, ಅದೂ ಕಲ್ಯಾಣಾಧಿಕಾರಿಯ ಕಣ್ಗಾವಲಿನಲ್ಲಿ.

ಸೋಮವಾರ ಮಗು ಬರಲಿಲ್ಲವೆಂದರೆ ತಾಯಿಯ ಕಥೆ ಮುಗಿಯಿತು. ಮಗುವಿನ ಹಿತ ಎಂದು ವಾದಿಸಲು ಅವಳಿಗೆ ಬಾಯಿರುವುದಿಲ್ಲ. ಪರದೇಶದ ಆದೇಶವೇ ಗಟ್ಟಿ, ಸಿಕ್ಕ ದಿನ ಚಿನಕುರಳಿ ಅಪ್ಪನ ಜೊತೆ ವಿಮಾನ ಹತ್ತುವುದೇ.

"ಇದು ಮೊನ್ನೆ ಬುಧವಾರದ್ದು. ಈಗ ಅದರ ಹಿಂದಿನ ಶನಿವಾರದ್ದು ಹಾಕಿ," ಎಂದೆ.

ಶನಿವಾರದ ಕಾಲ್ ಶುರುವಾಗಿ ಮೂರನೆಯ ನಿಮಿಷಕ್ಕೆ ಹುಡುಗಿ ಮೇಲಿನ ತುಟಿಯನ್ನು ಬೆರಳಿನಿಂದ ಎತ್ತಿ ತೋರಿಸಿದಳು. ಮುಂದಿನ ಒಂದು ಹಲ್ಲು ಇಲ್ಲ. ಅಪ್ಪ ಜೋರಾಗಿ ನಕ್ಕ. "ಅಯ್ಯೋ ಬೊಚ್ಚುಬಾಯಿ! ಯಾವಾಗ ಬಿತ್ತೇ?" ಹುಡುಗಿ ಒಂದು ಬೆರಳು ಎತ್ತಿದಳು. ನಿನ್ನೆ ಎಂದಿರಬೇಕು.

"ಮೇಡಂ, ಶುಕ್ರವಾರ ಬಿದ್ದ ಹಲ್ಲು ಬುಧವಾರಕ್ಕೆ ಬರುತ್ತಾ?"

ಅವರು ಪರದೆಗೆ ಮುಖ ತಾಗುವಷ್ಟು ಹತ್ತಿರ ಬಂದರು. ಬುಧವಾರದ್ದನ್ನು ಮತ್ತೆ ತಾವೇ ಹಾಕಿದರು. ಹಸಿರು ಮೀನು, ಪೆನ್ಸಿಲು, ಪೆನ್ಸಿಲನ್ನು ಕಚ್ಚುತ್ತಿರುವ ಹಲ್ಲು. ಅವರ ಮುಖದ ಬಣ್ಣ ಇಳಿಯಿತು.

"ಇದು ಹಳೇದು," ಎಂದರು ಮೆಲ್ಲಗೆ.

"ಹಳೇದೇ. ಪ್ರತಿ ಕಾಲನ್ನೂ ಪಕ್ಕದಲ್ಲಿ ಇನ್ನೊಂದು ಫೋನಿಟ್ಟು ಚಿತ್ರೀಕರಿಸಿ ಇಟ್ಕೊಳ್ಳಿ, ಸಾಕ್ಷಿಗೆ ಬೇಕಾಗುತ್ತೆ ಅಂತ ವಕೀಲರೇ ಹೇಳಿದ್ರು ತಾಯಿಗೆ. ಮಗು ಹೇಗೂ ಮಾತಾಡಲ್ಲ. ಹಿಂದಿನ ತಿಂಗಳ ಮೀನನ್ನೇ ಈ ತಿಂಗಳು ತೋರಿಸಿದ್ರೆ ಯಾರಿಗೆ ಗೊತ್ತಾಗುತ್ತೆ?"

"ನಾನು ಇಲ್ಲೇ ಕೂತಿದ್ದೆ ಅಮೀನರೇ. ಅರ್ಧ ಗಂಟೆ. ಕಣ್ಣು ಮಿಟುಕಿಸದೆ."

ಅವರು ಬುಧವಾರ ತುಂಬಿದ ನಮೂನೆಯನ್ನು ನನ್ನ ಮುಂದೆ ಇಟ್ಟರು. ಹದಿನಾಲ್ಕು ಕಲಂ. ಅಪ್ಪ ದನಿ ಏರಿಸಿದನೇ? ತಾಯಿಯನ್ನು ಹಳಿದನೇ? ಉಡುಗೊರೆಯ ಆಸೆ ತೋರಿಸಿದನೇ? ಮಗು ಶಾಂತವಾಗಿತ್ತೇ? ಎಲ್ಲಕ್ಕೂ ಅಚ್ಚುಕಟ್ಟಾಗಿ ಗುರುತು ಹಾಕಿದ್ದರು. ಮಗು ಶಾಂತವಾಗಿತ್ತು. ಮಗು ಅಲ್ಲಿ ಇತ್ತೇ ಎನ್ನುವುದಕ್ಕೆ ಕಲಂ ಇರಲಿಲ್ಲ. ನಾನು ಅವರನ್ನು ಬೈಯಲಿಲ್ಲ. ನಮೂನೆ ಹಿಡಿದು ಕೂತವರು ನಮೂನೆಯಲ್ಲಿರುವುದನ್ನೇ ನೋಡುತ್ತಾರೆ. ನಾನೂ ಹಾಗೆಯೇ ಬದುಕಿದವನು.

"ತಾಯಿ ಬಚ್ಚಿಟ್ಟಿದ್ದಾಳೆ," ಎಂದು ಅವರು ಫೋನಿಗೆ ಕೈ ಹಾಕಿದರು. "ನಾನೀಗ್ಲೇ ಕೋರ್ಟಿಗೆ ತಿಳಿಸ್ತೀನಿ."

"ಸ್ವಲ್ಪ ತಾಳಿ. ನೀವು ಬಲಗಡೆ ನೋಡಿದ್ರಿ. ಈಗ ಎಡಗಡೆ ನೋಡಿ."

ಎಡಗಡೆ ಅಪ್ಪ. ಬುಧವಾರ, ಹದಿನಾಲ್ಕನೆಯ ನಿಮಿಷ. ಏನೋ ಹೇಳುತ್ತಿದ್ದವನು ಅರ್ಧಕ್ಕೇ ನಿಲ್ಲಿಸುತ್ತಾನೆ. ಮುಂದಕ್ಕೆ ಬಾಗುತ್ತಾನೆ. ಕಣ್ಣು ಕಿರಿದಾಗುತ್ತದೆ. ನಾಲ್ಕು ಸೆಕೆಂಡು. ಆಮೇಲೆ ಹಿಂದಕ್ಕೆ ಒರಗಿ, ಹೊರಗೆ ಬಿಸಿಲು ಜಾಸ್ತಿ ಎಂದು ಮಾತು ಮುಂದುವರಿಸುತ್ತಾನೆ.

"ಕಂಡ್ಬಿಟ್ಟ," ಎಂದರು ಅಧಿಕಾರಿ.

"ಕಂಡ. ಅದಕ್ಕೆ ನಾಲ್ಕು ದಿನ ಮುಂಚೆ ಬೊಚ್ಚುಬಾಯಿ ಅಂತ ನಕ್ಕವನೇ ಇವನು. ಹಲ್ಲು ತಿರುಗಿ ಬಂದಿದೆ. ಯಾಕೆ ಕೇಳಲಿಲ್ಲ? ಅಲ್ಲೇ ಕೂಗಾಡಿದ್ರೆ ಕೇಸು ಆ ನಿಮಿಷಕ್ಕೇ ಗೆದ್ದುಬಿಡ್ತಿದ್ದ."

ಅಧಿಕಾರಿ ಫೋನಿನಿಂದ ಕೈ ತೆಗೆದು, "ಮಗು ತನ್ನ ಹತ್ರಾನೇ ಇದ್ರೆ ಯಾಕೆ ಕೇಳ್ತಾನೆ?" ಎಂದರು.

ನನಗೂ ಅದೇ ಅನ್ನಿಸಿತ್ತು. ಆದರೆ ಅನ್ನಿಸುವುದು ಬೇರೆ, ಬಾಗಿಲು ತಟ್ಟಿ ನೋಡುವುದು ಬೇರೆ. "ಇಬ್ಬರನ್ನೂ ಕರೆಸಿ. ಒಂದು ಸಹಿ ಬಾಕಿ ಇದೆ ಅನ್ನಿ. ಸಹಿ ಅಂದ್ರೆ ಕೇಸಿನ ಜನ ಊಟ ಬಿಟ್ಟು ಓಡಿ ಬರ್ತಾರೆ," ಎಂದೆ.

ಬಂದರು. ಮೂರು ಗಂಟೆಗೆ ಇಬ್ಬರೂ ಭೇಟಿಕೋಣೆಯಲ್ಲಿದ್ದರು. ಅಲ್ಲಿರುವುದೆಲ್ಲ ಮಕ್ಕಳ ಕುರ್ಚಿಗಳೇ. ಕೆಂಪು, ಹಳದಿ ಬಣ್ಣದವು. ಅಪ್ಪ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು, ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಕುಳಿತ. ತಾಯಿ ಎದುರು ಮೂಲೆಯಲ್ಲಿ ಕೈಚೀಲವನ್ನು ತಬ್ಬಿಕೊಂಡು ಕುಳಿತಳು. ಮಾತೇನಿದ್ದರೂ ವಕೀಲರ ಮೂಲಕ ಎಂದು ಎರಡೂ ಕಡೆ ಕಟ್ಟಪ್ಪಣೆಯಾಗಿತ್ತು. ಹೀಗೆ ಒಂದೇ ಕೋಣೆಯಲ್ಲಿ ಕೂತು ಅವರಿಗೆ ಹತ್ತು ತಿಂಗಳಾಗಿತ್ತು.

"ಎಲ್ಲಿ ಸಹಿ ಮಾಡ್ಬೇಕು?" ಎಂದ ಅಪ್ಪ.

"ಮಾಡೋಣ ಸ್ವಾಮಿ. ಅದಕ್ಕೆ ಮುಂಚೆ ಒಂದು ಮಾತು. ಬುಧವಾರ ಮಗಳ ಹತ್ರ ಮಾತಾಡ್ತಾ ಇದ್ದಕ್ಕಿದ್ದ ಹಾಗೆ ನಿಲ್ಲಿಸಿದ್ರಿ. ಏನು ಕಂಡ್ರಿ?"

"ಏನೂ ಇಲ್ಲ. ನೆಟ್‌ವರ್ಕ್ ಸರಿ ಇರ್ಲಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಅಂಗಿಯ ಕಾಲರು ಮುಟ್ಟಿಕೊಂಡ.

"ಹಲ್ಲು ಕಂಡ್ರಿ. ಅಲ್ವಾ?"

ಅವನು ಬಾಯಿ ತೆರೆಯುವ ಮೊದಲೇ ತಾಯಿ ಎದ್ದು ನಿಂತಿದ್ದಳು.

"ನಂಗೆ ಗೊತ್ತಿತ್ತು! ನೋಡಿದ್ರಾ ಅಮೀನಣ್ಣ? ಅವನ ಕಣ್ಣಿಗೆ ಬಿದ್ದೇ ಬೀಳುತ್ತೆ ಅಂತ ನಂಗೆ ಗೊತ್ತಿತ್ತು. ಬಿದ್ರೂ ಕೇಳ್ಲಿಲ್ಲ. ಹೇಗೆ ಕೇಳ್ತಾನೆ? ಅವಳನ್ನ ತನ್ನ ಮನೇಲೇ ಇಟ್ಕೊಂಡು!"

"ಏನಂದೆ?" ಅಪ್ಪ ನಕ್ಕುಬಿಟ್ಟ. "ಮೇಡಂ, ದಯವಿಟ್ಟು ಬರ್ಕೊಳ್ಳಿ. ಈಕೆ ಮಗೂನ ಎಲ್ಲೋ ಬಚ್ಚಿಟ್ಟು, ಹಳೇ ವಿಡಿಯೋ ಓಡಿಸಿ ಕೋರ್ಟಿನ ಕಣ್ಣಿಗೆ ಮಣ್ಣೆರಚಿದ್ದಾಳೆ. ಈಗ ಅದನ್ನ ನನ್ನ ತಲೆಗೇ ಕಟ್ತಾ ಇದ್ದಾಳೆ."

"ನೀನು ಕದ್ದು ನನ್ನನ್ನ ಕಳ್ಳಿ ಅಂತೀಯಾ?"

"ಕದ್ದಿದ್ದು ನೀನು. ಹತ್ತು ತಿಂಗಳ ಹಿಂದೇನೇ ಕದ್ದೆ!"

ನಾನು ಮೇಜು ಬಡಿದೆ. ಚಿಕ್ಕ ಮೇಜು, ದೊಡ್ಡ ಸದ್ದಾಯಿತು.

"ಒಬ್ಬೊಬ್ಬರಾಗಿ ಹೇಳಿ. ಅಮ್ಮಾ, ಮೊದಲು ನೀವು. ಕಳೆದ ಸೋಮವಾರ ಏನಾಯ್ತು? ಸುಳ್ಳು ಸಾಕು. ನಿನ್ನೆ ಹೇಳಿದ್ದೇ ಇನ್ನೂ ಜೀರ್ಣ ಆಗಿಲ್ಲ ನನಗೆ."

ಆಕೆ ಕುಳಿತಳು. ಹೇಳುವಾಗ ನನ್ನ ಮುಖ ನೋಡಲಿಲ್ಲ.

"ಸೋಮವಾರ ಮಧ್ಯಾಹ್ನ ಲಾಯರ್ ಆಫೀಸಲ್ಲಿ ಪ್ರಮಾಣಪತ್ರಕ್ಕೆ ಸಹಿ ಹಾಕೋದಿತ್ತು. ಶಾಲೆಗೆ ಹೋಗೋವಾಗ ಇಪ್ಪತ್ತು ನಿಮಿಷ ತಡ ಆಯ್ತು. ಗೇಟಲ್ಲಿ ಅವಳಿಲ್ಲ. ಆಯಾ ಕೇಳಿದ್ರೆ, ಹೋದ್ಲಲ್ಲ, ಯಾರೋ ಬಂದಿರ್ಬೇಕು ಅಂದ್ಲು. ಇನ್ಯಾರು ಬರ್ತಾರೆ, ಇವನು ಬಿಟ್ಟು?"

"ಪೊಲೀಸರಿಗೆ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ? ಆಗ ತಾನೇ ಸಹಿ ಹಾಕಿದ ಕಾಗದದಲ್ಲಿ ಏನು ಬರೆದಿತ್ತು ಗೊತ್ತಾ? ಮಗು ಸದಾ ನನ್ನ ಕಣ್ಣೆದುರಿಗೇ ಇರುತ್ತೆ ಅಂತ." ಆಕೆಯ ದನಿ ಒಡೆಯಿತು. "ಮಗು ಕಳ್ಕೊಂಡ ತಾಯಿಗೆ ಯಾವ ಜಡ್ಜು ಮಗು ಕೊಡ್ತಾರೆ? ಪಾಸ್‌ಪೋರ್ಟು ಕೋರ್ಟಲ್ಲಿದೆ, ಎತ್ತಿಕೊಂಡು ಹಾರೋಕಾಗಲ್ಲ ಇವನಿಗೆ. ಬರೋ ಸೋಮವಾರ ಇವನು ಅವಳನ್ನ ತೋರಿಸ್ಲೇಬೇಕು. ತೋರಿಸಿದ್ರೆ ಕದ್ದೋನು ಇವನೇ ಅಂತ ಎಲ್ಲರಿಗೂ ಗೊತ್ತಾಗುತ್ತೆ. ಅಲ್ಲೀವರೆಗೆ ಹಲ್ಲು ಕಚ್ಚಿಕೊಂಡಿರೋಣ ಅಂತ ಆ ವಿಡಿಯೋ ಹಾಕಿದೆ. ಇವನು ಬಾಯಿ ಬಿಡ್ಲಿಲ್ಲ. ಆಗ್ಲೇ ಗಟ್ಟಿ ಆಯ್ತು ನಂಗೆ, ಅವಳು ಇವನ ಹತ್ರಾನೇ ಇದ್ದಾಳೆ, ಊಟಕ್ಕೇನೂ ಕಡಿಮೆ ಮಾಡಲ್ಲ, ಸದ್ಯ, ಅಂತ."

ಅಪ್ಪನ ಮುಖದಲ್ಲಿ ನಗು ಇನ್ನೂ ಇತ್ತು, ಆದರೆ ಅದನ್ನು ತೆಗೆಯಲು ಮರೆತವನ ಹಾಗಿದ್ದ.

"ಈಗ ನೀವು ಸ್ವಾಮಿ. ಕಂಡೂ ಯಾಕೆ ಸುಮ್ಮನಿದ್ರಿ?"

"ಕಾಲ್ ಮುಗಿದ ತಕ್ಷಣ ನನ್ನ ಲಾಯರಿಗೆ ಹೇಳಿದೆ. ಉಸಿರೆತ್ತಬೇಡಿ ಅಂದ್ರು. ಈಗ ಗಲಾಟೆ ಮಾಡಿದ್ರೆ ಬಚ್ಚಿಟ್ಟ ಕಡೆಯಿಂದ ಕರ್ಕೊಂಡು ಬಂದು ಸೋಮವಾರ ನಿಲ್ಲಿಸಿಬಿಡ್ತಾರೆ. ಸುಮ್ಮನಿದ್ರೆ ಮಗು ಹಾಜರಾಗಲ್ಲ, ಕೇಸು ತಾನಾಗೇ ನಮ್ಮ ಮಡಿಲಿಗೆ ಬೀಳುತ್ತೆ ಅಂದ್ರು." ಅವನು ಪ್ಯಾಂಟಿನ ಮಡಿಕೆ ಸರಿಮಾಡಿಕೊಂಡ. "ತಾಯಿ ಹತ್ರ ತಾನೇ ಇದ್ದಾಳೆ, ಏನು ತೊಂದರೆ ಅಂದ್ಕೊಂಡೆ."



ಬಾಗಿಲ ಹಿಂದೆ ನಿಂತು "ಮನೇಲಿಲ್ಲ" ಎನ್ನುವ ದನಿಗಳನ್ನು ನಾನು ಸಾವಿರ ಕೇಳಿದ್ದೇನೆ. ಸುಳ್ಳು ಹೇಳುವವನು ತಾನು ಹೇಳಿದ ಮೇಲೆ ನಿಮ್ಮ ಮುಖ ನೋಡುತ್ತಾನೆ, ನಂಬಿದಿರೋ ಇಲ್ಲವೋ ಎಂದು. ಇವರಿಬ್ಬರೂ ನನ್ನನ್ನು ನೋಡಲಿಲ್ಲ. ಒಬ್ಬರನ್ನೊಬ್ಬರು ನೋಡಿದರು.

"ನಿಜ ಹೇಳು," ಎಂದ ಅಪ್ಪ. ಮೊದಲ ಸಲ ದನಿ ತಗ್ಗಿತ್ತು. "ಎಲ್ಲಿದ್ದಾಳೆ?"

"ನೀನು ಹೇಳು," ಎಂದಳು ತಾಯಿ. ಅವಳ ಕೈಚೀಲ ಕೆಳಗೆ ಬಿತ್ತು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂದು ಗಾದೆ. ಇಲ್ಲಿ ಕೂಸೇ ಇರಲಿಲ್ಲ. ಸೋಮವಾರ ಮಧ್ಯಾಹ್ನದಿಂದ ಶುಕ್ರವಾರ ಮಧ್ಯಾಹ್ನದವರೆಗೆ, ನಾಲ್ಕು ದಿನ, ಆರು ವರ್ಷದ ಒಂದು ಹುಡುಗಿಯನ್ನು ಜಗತ್ತಿನಲ್ಲಿ ಯಾರೂ ಹುಡುಕಿರಲಿಲ್ಲ. ಎರಡು ವಕೀಲರ ಕಚೇರಿಗಳಲ್ಲಿ ಅವಳ ಹಿತದ ಬಗ್ಗೆ ಪುಟಗಟ್ಟಲೆ ಟೈಪಾಗುತ್ತಿತ್ತು.

ಕಲ್ಯಾಣಾಧಿಕಾರಿ ಗೋಡೆ ಹಿಡಿದುಕೊಂಡು ನಿಂತಿದ್ದರು. "ದೂರು ಕೊಡ್ಬೇಕು. ಈಗ್ಲೇ. ಹೆತ್ತವರೇ ಕೊಟ್ರೆ ಬೇಗ ಆಗುತ್ತೆ," ಎಂದರು.

ಯಾರು ಕೊಡುವುದು? ಕೋಣೆಯಲ್ಲಿದ್ದ ಎಲ್ಲರಿಗೂ ಲೆಕ್ಕ ಗೊತ್ತಿತ್ತು. ತಾಯಿ ದೂರು ಕೊಟ್ಟರೆ ಮಗು ಕಳೆದದ್ದೂ ನಿಜ, ಕೋರ್ಟಿಗೆ ಹಳೆಯ ವಿಡಿಯೋ ತೋರಿಸಿದ್ದೂ ನಿಜ ಎಂದು ಬರೆದುಕೊಟ್ಟ ಹಾಗೆ. ಅಪ್ಪ ಕೊಟ್ಟರೆ, ಮಗಳು ಕಾಣುತ್ತಿಲ್ಲವೆಂದು ತಿಳಿದೂ ಎರಡು ದಿನ ಕೇಸಿಗಾಗಿ ಬಾಯಿ ಮುಚ್ಚಿಕೊಂಡಿದ್ದೆ ಎಂದು ಒಪ್ಪಿಕೊಂಡ ಹಾಗೆ. ಮೊದಲು ಬಾಯಿ ಬಿಟ್ಟವರು ಸೋಮವಾರ ಮಗುವನ್ನು ಕಳೆದುಕೊಳ್ಳುತ್ತಾರೆ.

ನಾನು ಹತ್ತರವರೆಗೆ ಎಣಿಸುವಷ್ಟು ಹೊತ್ತು ಇಬ್ಬರೂ ಅಲ್ಲಾಡಲಿಲ್ಲ. ನನಗೆ ಅಸಹ್ಯವಾಯಿತು, ಮುಚ್ಚುಮರೆ ಯಾಕೆ. ಕೆಲಸ ಕೊಟ್ಟ ಕಡೆಯವಳು ಎಂದು ತಾಯಿಯ ಮೇಲಿದ್ದ ಸಣ್ಣ ಮಮಕಾರವೂ ಆ ಹತ್ತು ಎಣಿಕೆಯಲ್ಲಿ ಇಂಗಿಹೋಯಿತು.

ಆಮೇಲೆ ತಾಯಿ ಎದ್ದಳು. ಬಿದ್ದ ಚೀಲವನ್ನು ಎತ್ತಿಕೊಳ್ಳಲೂ ಇಲ್ಲ.

"ನಡೀರಿ ಅಮೀನಣ್ಣ. ನಾನೇ ಬರೆದುಕೊಡ್ತೀನಿ, ಎಲ್ಲಾನೂ. ಸಿಕ್ಕ ಮೇಲೆ ಅವನ ಜೊತೆನೇ ಹೋಗ್ಲಿ, ಸಮುದ್ರದಾಚೆಗೇ ಹೋಗ್ಲಿ. ಸಿಕ್ಕಿದ್ರೆ ಸಾಕು ನಂಗೆ."

ಪೊಲೀಸ್ ಠಾಣೆ ಎರಡು ಬೀದಿ ಆಚೆ. ತಾಯಿ ಮುಂದೆ, ಓಡುತ್ತಿದ್ದಳೆಂದೇ ಹೇಳಬೇಕು. ಅಪ್ಪ ಕಾರಿನಲ್ಲಿ ಹಿಂದೆಯೇ ಬಂದ.

ಠಾಣೆಯ ರೈಟರು ನನ್ನ ಹಳೆಯ ಪರಿಚಯ. ನಾನು ಒಯ್ಯುತ್ತಿದ್ದ ಸಮನ್ಸುಗಳಿಗೆ ಸ್ವೀಕೃತಿ ಬರೆದುಕೊಡುತ್ತಿದ್ದ ಮನುಷ್ಯ. "ಏನು ಅಮೀನರೇ, ನಿವೃತ್ತಿ ಆದ್ರೂ ಬಿಡ್ಲಿಲ್ವಾ ನಮ್ಮನ್ನ?" ಎಂದು ನಗುತ್ತ ಹೊಸ ಹಾಳೆ ತೆಗೆದ. ಅಪ್ಪ ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ ಕುಳಿತ. ತಾಯಿ ನಿಂತೇ ಹೇಳತೊಡಗಿದಳು. ಮಗಳ ಹೆಸರು. ಹುಟ್ಟಿದ ದಿನ. ಶಾಲೆ. ಒಂದನೆಯ ತರಗತಿ.

ರೈಟರ ಪೆನ್ನು ನಿಂತಿತು.

"ಇರಿ, ಇರಿ. ಇದು ಮುಗಿದಿದೆಯಲ್ಲ?"

"ಏನು ಮುಗಿದಿದೆ?" ಎಂದೆ.

ಅವನು ಹೊಸ ಹಾಳೆಯನ್ನು ಸರಿಸಿ ಠಾಣೆಯ ದಿನಚರಿ ಪುಸ್ತಕವನ್ನು ಎಳೆದುಕೊಂಡ. ಬೆರಳಿಗೆ ಎಂಜಲು ಹಚ್ಚಿ ನಾಲ್ಕು ದಿನ ಹಿಂದಕ್ಕೆ ಹೋದ. "ಇದೇ ಹೆಸರು. ಇದೇ ಶಾಲೆ. ಸೋಮವಾರ ಸಂಜೆ ನಾಲ್ಕೂಕಾಲು, ಬಸ್ ನಿಲ್ದಾಣದ ಹತ್ರ ಒಂಟಿಯಾಗಿ ಅಳ್ತಾ ನಿಂತಿತ್ತು. ನಮ್ಮವರೇ ಕರ್ಕೊಂಡು ಬಂದ್ರು. ಐದೂವರೆಗೆ ತಾಯಿ ಹುಡುಕ್ಕೊಂಡು ಬಂದು ಕರ್ಕೊಂಡು ಹೋದ್ರು. ಸಹಿ ಇದೆ ನೋಡಿ."

"ತಾಯಿ ನಾನು," ಎಂದಳು ತಾಯಿ.

ರೈಟರು ಆಕೆಯನ್ನು ನೋಡಿದ, ಪುಸ್ತಕವನ್ನು ನೋಡಿದ, ನನ್ನನ್ನು ನೋಡಿದ.

"ಏನು ನೋಡಿ ಕೊಟ್ರಿ ಮಗೂನ?" ನನ್ನ ದನಿ ನನಗೇ ಹೊಸದಾಗಿ ಕೇಳಿತು.

"ಕೋರ್ಟ್ ಆರ್ಡರ್ ಇತ್ತು ಅಮೀನರೇ! ಪರದೇಶದ್ದು. ನೀಲಿ ರಿಬ್ಬನ್ನು, ಈ ಗಾತ್ರದ ಉಬ್ಬು ಸೀಲು. ಮಗೂ ಹೆಸರು, ಹುಟ್ಟಿದ ತಾರೀಖು, ಎಲ್ಲ ಸರಿಯಾಗಿತ್ತು."

"ಒಳಗೆ ಏನು ಬರೆದಿತ್ತು ಅಂತ ಓದಿದ್ರಾ?"

"ಹದಿನೆಂಟು ಪುಟ! ಆ ಭಾಷೆ ನಮಗೆಲ್ಲಿ ಬರಬೇಕು? ಸೀಲಿತ್ತಲ್ಲ."

ಅವನಿಗೆ ಬೈಯುವ ಯೋಗ್ಯತೆ ನನಗಿರಲಿಲ್ಲ. ನಾನೂ ಮೂವತ್ತೊಂದು ವರ್ಷ ಸೀಲು ನೋಡಿಯೇ ಕಾಗದ ಅಂಟಿಸಿದವನು. ಆದರೆ ಒಂದು ಮಾತು ತಲೆಯಲ್ಲಿ ನಿಂತಿತು. ತಾಯಿಯ ವಕೀಲರ ಬಳಿ ಇರುವುದು ಆ ಆದೇಶದ ಬರೀ ಜೆರಾಕ್ಸು. ಕಲ್ಯಾಣಾಧಿಕಾರಿಯ ಕಡತದಲ್ಲಿರುವುದೂ ಜೆರಾಕ್ಸೇ. ರಿಬ್ಬನ್ನು ಕಟ್ಟಿದ ಪ್ರತಿಯನ್ನು ಅಲ್ಲಿನ ಕೋರ್ಟು ಕೊಟ್ಟದ್ದು ಒಬ್ಬರಿಗೆ ಮಾತ್ರ. ಗೆದ್ದವರಿಗೆ.

"ಮಗು ಏನೂ ಅನ್ನಲಿಲ್ವಾ?" ಎಂದಳು ತಾಯಿ. "ಅವಳು ಹಾಗೆಲ್ಲ ಯಾರ ಜೊತೆಗೂ ಹೋಗೋಳಲ್ಲ. ಅತ್ತು ರಂಪ ಮಾಡ್ತಾಳೆ."

ರೈಟರು ಪುಸ್ತಕವನ್ನು ಆಕೆಯ ಕಡೆಗೆ ತಿರುಗಿಸಿ, ಕೊನೆಯ ಸಾಲಿನ ಮೇಲೆ ಪೆನ್ನಿನ ತುದಿ ಇಟ್ಟ. ನಾನೂ ಬಗ್ಗಿ ಓದಿದೆ. ಠಾಣೆಯ ಅಚ್ಚುಕಟ್ಟಾದ ಅಕ್ಷರದಲ್ಲಿ ಹೀಗಿತ್ತು: "ಸದರಿ ಮಹಿಳೆಯನ್ನು ಕಂಡ ಕೂಡಲೇ ಮಗುವು ಅಳು ನಿಲ್ಲಿಸಿ, ಅಮ್ಮಾ ಎಂದು ಕೂಗಿ ಓಡಿಹೋಗಿ ತಬ್ಬಿಕೊಂಡಿದ್ದರಿಂದ, ಬೇರೆ ಗುರುತಿನ ದಾಖಲೆ ಕೇಳಲಾಗಿಲ್ಲ."

ತಾಯಿ ಅದನ್ನು ಎರಡು ಸಲ ಓದಿದಳು. ಎರಡನೆಯ ಸಲ ತುಟಿ ಅಲ್ಲಾಡಿಸುತ್ತ, ಶಾಲೆಯ ಮಕ್ಕಳ ಹಾಗೆ. ಆಮೇಲೆ ತಿರುಗದೆಯೇ, ಹಿಂದೆ ಬೆಂಚಿನಲ್ಲಿದ್ದ ಅಪ್ಪನನ್ನು ಕೇಳಿದಳು:

"ಅಲ್ಲಿ, ನಿನ್ನ ವಾರಗಳಲ್ಲಿ, ಅವಳು ಇನ್ಯಾರನ್ನ ಅಮ್ಮ ಅಂತಿದ್ಲು?"

ನಾನು ಹಿಂದಿರುಗಿ ನೋಡಿದೆ. ಬಾಗಿಲ ಪಕ್ಕದ ಬೆಂಚು ಖಾಲಿಯಾಗಿತ್ತು, ಹೊರಗೆ ಕಾರು ಹೊರಟ ಸದ್ದು ಕೇಳಿತು.